ಟ್ರ್ಯಾಕ್ಟರ್ ಸಹಿಸುತ್ತೆ, ಕಾರು ಸಹಿಸಲ್ಲ: ಹಳೇ ಡೀಸೆಲ್ ಸೆಡಾನ್ ನೋಡಿಕೊಳ್ಳೋದು ಹೇಗೆ?

ಟೊಮೆಟೊಗೆ ಒಳ್ಳೆ ರೇಟು ಸಿಕ್ಕ ವರ್ಷ ನಮ್ಮ ಕೋಲಾರದ ಕಡೆ ಹುಡುಗರು ಮೊದಲು ಹುಡುಕೋದು ಒಂದು ಸೆಕೆಂಡ್ ಹ್ಯಾಂಡ್ ಕಾರು. ಅದರಲ್ಲೂ ಎಂಟು-ಹತ್ತು ವರ್ಷ ಓಡಿರೋ ಡೀಸೆಲ್ ಸೆಡಾನ್. ಐದು ಜನ ಕೂರಬಹುದು, ಡಿಕ್ಕೀಲಿ ಸಾಮಾನು ಹಿಡಿಯುತ್ತೆ, ಮೈಲೇಜ್ ಚೆನ್ನಾಗಿ ಬರುತ್ತೆ. ರಾತ್ರಿ ಹೊತ್ತು ಮನೇಲಿ ಯಾರಿಗಾದ್ರೂ ಹುಷಾರು ತಪ್ಪಿದ್ರೆ ಇನ್ನೊಬ್ಬರ ಗಾಡಿಗೆ ಕಾಯಬೇಕಾಗಿಲ್ಲ. ಹಳ್ಳಿ ಮನೆಗೆ ಇದು ಸಣ್ಣ ಅನುಕೂಲ ಅಲ್ಲ.

ನಾನು ರಸ್ತೆ ಪಕ್ಕ ಒಂದು ಗ್ಯಾರೇಜ್ ಇಟ್ಕೊಂಡಿದ್ದೀನಿ. ಟ್ರ್ಯಾಕ್ಟರೂ ಬರುತ್ತೆ, ಕಾರೂ ಬರುತ್ತೆ. ರೈತರ ಮಕ್ಕಳಿಗೆ ಯಂತ್ರದ ಬಗ್ಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಸ್ಪ್ಯಾನರ್ ಹಿಡಿಯೋದು, ಫಿಲ್ಟರ್ ಬಿಚ್ಚೋದು, ಏರ್‌ಲಾಕ್ ತೆಗೆಯೋದು ಎಲ್ಲಾ ಚೆನ್ನಾಗೇ ಗೊತ್ತು. ಆದರೆ ಅವರು ಕಲಿತಿರೋದು ಟ್ರ್ಯಾಕ್ಟರ್ ಮೇಲೆ. ಅದೇ ಅಭ್ಯಾಸವನ್ನ ಕಾರಿಗೂ ತಂದಾಗ ಕಾರು ಕೆಡುತ್ತೆ. ನನ್ನ ಹತ್ತಿರ ಬರೋ ದೊಡ್ಡ ಖರ್ಚಿನ ರಿಪೇರಿಗಳಲ್ಲಿ ಬಹಳಷ್ಟು ಇಂಥವೇ. ಎಲ್ಲೆಲ್ಲಿ ವ್ಯತ್ಯಾಸ ಇದೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಎಂಜಿನ್ ಯಾವುದು ಅಂತ ತಿಳ್ಕೊಳ್ಳಿ

ನಮ್ಮ ಕಡೆ ಹೆಚ್ಚು ಕಾಣೋ ಸ್ವಿಫ್ಟ್ ಡಿಸೈರ್ ಡೀಸೆಲ್ ಉದಾಹರಣೆಗೆ ತಗೊಳ್ಳಿ. ಅದರಲ್ಲಿರೋದು 1248 ಸಿಸಿ ಎಂಜಿನ್. ಮೂಲತಃ ಫಿಯೆಟ್ ಕಂಪನಿ ರೂಪಿಸಿದ್ದು. ಟಾಟಾದ ಇಂಡಿಕಾ ವಿಸ್ಟಾ, ಮಾಂಜಾದಲ್ಲೂ ಇದೇ ಎಂಜಿನ್ ಬಂದಿತ್ತು. ಹಾಗಾಗಿ ಬಿಡಿಭಾಗ ಸಿಗುತ್ತೆ, ಕೆಲಸ ಗೊತ್ತಿರೋ ಮೆಕ್ಯಾನಿಕ್‌ಗಳೂ ಸಿಗ್ತಾರೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರು ಮಾಡೋದನ್ನೇ ನಿಲ್ಲಿಸಿತು. ಅಂದ್ರೆ ಈಗ ಸಿಗೋ ಡೀಸೆಲ್ ಡಿಸೈರ್ ಎಲ್ಲವೂ ಅದಕ್ಕಿಂತ ಮುಂಚಿನವು. ಹಳೇದು ಅಂತಲೇ ಲೆಕ್ಕ ಹಾಕಿ ನೋಡ್ಕೋಬೇಕು.

ಈ ಎಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಬೇರೆ ಕೆಲವು ಕಾರುಗಳಲ್ಲಿ ಬೆಲ್ಟ್ ಇರುತ್ತೆ. ಬೆಲ್ಟ್ ಆದ್ರೆ ಕಂಪನಿ ಹೇಳಿದ ಕಿಲೋಮೀಟರ್‌ಗೆ ಬದಲಾಯಿಸಲೇಬೇಕು. ಹಿಂದಿನ ಓನರ್ ಬದಲಾಯಿಸಿದ್ದಕ್ಕೆ ಬಿಲ್ ಇಲ್ಲದಿದ್ರೆ ಬದಲಾಯಿಸಿಲ್ಲ ಅಂತಲೇ ತಿಳ್ಕೊಳ್ಳಿ. ಬೆಲ್ಟ್ ಕಿತ್ತರೂ ಅಷ್ಟೇ, ಚೈನ್ ಹಲ್ಲು ಹಾರಿದರೂ ಅಷ್ಟೇ: ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿದು ಎಂಜಿನ್ ಬಿಚ್ಚೋ ಪರಿಸ್ಥಿತಿ ಬರುತ್ತೆ.

ಡೀಸೆಲ್: ಶೆಡ್ಡಿನ ಕ್ಯಾನ್ ಕಾರಿಗೆ ಬೇಡ

ಹಳೇ ಕಾಲದ ಟ್ರ್ಯಾಕ್ಟರ್‌ನಲ್ಲಿ ನಾಜಲ್ ತೆರೆಯೋದು 200 ಬಾರ್ ಸುತ್ತಮುತ್ತಲಿನ ಒತ್ತಡದಲ್ಲಿ. ಕಾರಿನ ಕಾಮನ್ ರೈಲ್ ಎಂಜಿನ್‌ನಲ್ಲಿ ಡೀಸೆಲ್ ಒತ್ತಡ 1,400–1,600 ಬಾರ್‌ವರೆಗೂ ಹೋಗುತ್ತೆ. ಟೈರಿಗೆ ನಾವು ಹಾಕೋ ಗಾಳಿ ಎರಡು ಬಾರ್ ಚಿಲ್ಲರೆ ಅಂತ ನೆನೆಸಿಕೊಂಡ್ರೆ ಇದೆಷ್ಟು ಅಂತ ಗೊತ್ತಾಗುತ್ತೆ. ಅಂಥ ಒತ್ತಡದಲ್ಲಿ ಡೀಸೆಲ್ ನುಗ್ಗೋ ರಂಧ್ರ ಕಣ್ಣಿಗೂ ಸರಿಯಾಗಿ ಕಾಣಲ್ಲ. ಒಂದು ಹನಿ ನೀರು, ಚಿಟಿಕೆ ಧೂಳು ಸಾಕು, ಇಂಜೆಕ್ಟರ್ ಹಾಳಾಗೋಕೆ.

ಶೆಡ್ಡಿನಲ್ಲಿ ತಿಂಗಳುಗಟ್ಟಲೆ ಇಟ್ಟ ಡೀಸೆಲ್ ಕ್ಯಾನಿನ ತಳದಲ್ಲಿ ನೀರು ಸೇರಿರುತ್ತೆ. ರಾತ್ರಿ ತಂಪು, ಹಗಲು ಬಿಸಿಲು ಅಂತ ಕ್ಯಾನಿನೊಳಗಿನ ಗಾಳೀಲಿರೋ ತೇವ ನೀರಾಗಿ ಕೆಳಗೆ ಕೂರುತ್ತೆ. ಟ್ರ್ಯಾಕ್ಟರ್ ಅದನ್ನ ಹೇಗೋ ತಡ್ಕೊಳ್ಳುತ್ತೆ. ಕಾರು ತಡ್ಕೊಳ್ಳಲ್ಲ. ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ಬಂದು, "ಅಣ್ಣಾ, ಬೆಳಿಗ್ಗೆ ಸ್ಟಾರ್ಟೇ ಆಗ್ತಿಲ್ಲ, ಆದ್ರೂ ಮಿಸ್ ಹೊಡೀತಿದೆ" ಅಂದ. ಫಿಲ್ಟರ್ ಬಿಚ್ಚಿ ಬಾಟಲಿಗೆ ಸುರಿದ್ರೆ ಕೆಳಗೆ ಎರಡು ಬೆರಳು ನೀರು. ಒಂದು ಇಂಜೆಕ್ಟರ್ ಆಗಲೇ ಹೋಗಿತ್ತು.

ಬಂಕಿನಿಂದ ನೇರ ಟ್ಯಾಂಕಿಗೆ ಹಾಕಿಸಿ. ಡೀಸೆಲ್ ಫಿಲ್ಟರ್ ಅನ್ನು ಸರ್ವಿಸ್ ಪುಸ್ತಕದಲ್ಲಿ ಹೇಳಿದ ಅವಧಿಗೆ ಬದಲಾಯಿಸಿ. ಫಿಲ್ಟರ್ ಕೆಳಗೆ ನೀರು ಬಿಡೋ ಸ್ಕ್ರೂ ಇದ್ರೆ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಸಡಿಲ ಮಾಡಿ ನೋಡಿ. ಡ್ಯಾಶ್‌ಬೋರ್ಡಿನಲ್ಲಿ ಫಿಲ್ಟರ್‌ಗೆ ನೀರು ಬಂದಿದೆ ಅನ್ನೋ ದೀಪ ಹತ್ತಿದ್ರೆ ಊರಿಗೆ ಹೋಗಿ ನೋಡೋಣ ಅಂತ ಓಡಿಸ್ಬೇಡಿ.

ಇನ್ನೊಂದು ಮಾತು. ಟ್ರ್ಯಾಕ್ಟರ್‌ನಲ್ಲಿ ಪೈಪ್ ನಟ್ ಸಡಿಲ ಮಾಡಿ ಏರ್‌ಲಾಕ್ ತೆಗೀತೀವಲ್ಲ, ಕಾಮನ್ ರೈಲ್ ಎಂಜಿನ್‌ನಲ್ಲಿ ಹಾಗೆ ಮಾಡಲೇಬೇಡಿ. ಆ ಒತ್ತಡದ ಡೀಸೆಲ್ ಧಾರೆ ಕೈ ಚರ್ಮ ತೂರಿಕೊಂಡು ಒಳಗೆ ಹೋಗುತ್ತೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು ಇದ್ರೂ ಒಳಗೆ ಬೆರಳೇ ಕಳ್ಕೊಳ್ಳೋಷ್ಟು ಗಾಯ ಆಗಿರಬಹುದು. ಹಾಗಾದ್ರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಎಂಜಿನ್ ಆಯಿಲ್: ಉಳಿದ ಡಬ್ಬ ಸುರಿಬೇಡಿ

ಟ್ರ್ಯಾಕ್ಟರ್‌ಗೆ ತಂದ ಆಯಿಲ್ ಎರಡು ಲೀಟರ್ ಉಳಿದಿದೆ, ಕಾರಿಗೆ ಹಾಕಿದ್ರೆ ಆಯ್ತು ಅನ್ನೋದು ಮಾಮೂಲಿ. ಟ್ರ್ಯಾಕ್ಟರ್ ಆಯಿಲ್ ಸಾಮಾನ್ಯವಾಗಿ 15ಡಬ್ಲ್ಯೂ-40, 20ಡಬ್ಲ್ಯೂ-40 ಥರದ ದಪ್ಪ ಆಯಿಲ್. ಕಾರಿನ ಸಣ್ಣ ಡೀಸೆಲ್ ಎಂಜಿನ್‌ಗೆ ಕಂಪನಿ ಹೇಳೋದು ಹೆಚ್ಚಾಗಿ 5ಡಬ್ಲ್ಯೂ-30 ಥರದ ತೆಳು ಆಯಿಲ್. ಬೆಳಿಗ್ಗೆ ತಣ್ಣಗಿರೋವಾಗ ಸ್ಟಾರ್ಟ್ ಮಾಡಿದ ಕೂಡಲೇ ಟರ್ಬೋಗೂ ಚೈನ್ ಟೆನ್ಷನರ್‌ಗೂ ಆಯಿಲ್ ತಲುಪಬೇಕು. ದಪ್ಪ ಆಯಿಲ್ ತಲುಪೋದು ತಡ. ಆ ಕೆಲವು ಸೆಕೆಂಡ್ ಒಣಗಿ ತಿರುಗೋದರಲ್ಲೇ ಸವಕಳಿ ಆಗುತ್ತೆ.

ಡಿಸೈರ್ ಎಂಜಿನ್‌ನಲ್ಲಿ ಹಿಡಿಯೋದು ಸುಮಾರು ಮೂರು ಲೀಟರ್ ಆಯಿಲ್ ಅಷ್ಟೇ. ಅದರಲ್ಲಿ ಒಂದು ಲೀಟರ್ ಕಮ್ಮಿಯಾದ್ರೆ ಮೂರರಲ್ಲಿ ಒಂದು ಭಾಗ ಹೋದಂಗೆ. ಡಿಪ್‌ಸ್ಟಿಕ್ ವಾರಕ್ಕೊಮ್ಮೆ ನೋಡಿ: ಸಮತಟ್ಟು ಜಾಗ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು. 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದಕ್ಕೆ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಎರಡೂ ಬದಲಾಯಿಸಿ. ಧೂಳು ರಸ್ತೆ, ದಿನಾ ಎರಡು-ಮೂರು ಕಿಲೋಮೀಟರಿನ ಓಡಾಟವೇ ಜಾಸ್ತಿ ಇದ್ರೆ ಇನ್ನೂ ಬೇಗ ಮಾಡಿಸೋದು ಒಳ್ಳೇದು.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಪಕ್ಕದಿಂದ ಎರಡು-ಮೂರು ಸೆಕೆಂಡ್ ಗರಗರ ಸದ್ದು ಬಂದು ನಿಂತು ಹೋದ್ರೆ ಚೈನ್ ಸಡಿಲ ಆಗಿರೋ ಸೂಚನೆ. ನಿಂತು ಹೋಯ್ತಲ್ಲ ಅಂತ ಬಿಡಬೇಡಿ. ದೂರ ಓಡಿಸಿ ಬಂದ ಮೇಲೆ ಅರ್ಧ-ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಆಫ್ ಮಾಡಿ, ಟರ್ಬೋ ಸ್ವಲ್ಪ ಆರಲಿ.

ರೇಡಿಯೇಟರ್: ಬೋರ್ ನೀರು ವಿಷ

ನಮ್ಮ ಭಾಗದ ಬೋರ್‌ವೆಲ್ ನೀರು ಎಷ್ಟು ಗಡಸು ಅಂತ ಡ್ರಿಪ್ ಹಾಕಿದವರಿಗೆ ಗೊತ್ತು. ಡ್ರಿಪ್ಪರ್ ಬಾಯಲ್ಲಿ ಬಿಳೀ ಉಪ್ಪು ಕಟ್ಟುತ್ತಲ್ಲ, ಅದೇ ನೀರು ರೇಡಿಯೇಟರ್‌ಗೆ ಹಾಕಿದ್ರೆ ಒಳಗಿನ ಸಣ್ಣ ಕೊಳವೆಗಳಲ್ಲೂ ಅದೇ ಆಗುತ್ತೆ. ಡ್ರಿಪ್‌ಗೆ ಆಸಿಡ್ ಬಿಟ್ಟು ತೊಳೀತೀವಿ. ಅಲ್ಯೂಮಿನಿಯಂ ರೇಡಿಯೇಟರ್‌ಗೆ ಆಸಿಡ್ ಬಿಟ್ರೆ ರೇಡಿಯೇಟರೇ ತೂತು.

ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮ ಸಮ ಬೆರೆಸಿ ಹಾಕಿ, ಅಥವಾ ಬೆರೆಸಿದ್ದೇ ಸಿಗುತ್ತೆ, ಅದನ್ನ ತನ್ನಿ. ಡಿಕ್ಕೀಲಿ ಒಂದು ಲೀಟರ್ ಇರಲಿ. ಕೂಲೆಂಟ್ ತಣ್ಣಗಿರಿಸೋದಕ್ಕಷ್ಟೇ ಅಲ್ಲ, ಒಳಗೆ ತುಕ್ಕು ಹಿಡಿಯದಂತೆಯೂ ಕಾಯುತ್ತೆ. ಪದೇ ಪದೇ ಕಮ್ಮಿ ಆಗ್ತಿದ್ರೆ ಎಲ್ಲೋ ಸೋರ್ತಿದೆ. ಹೋಸ್, ಕ್ಲಿಪ್, ವಾಟರ್ ಪಂಪ್ ನೋಡಿಸಿ. ಹೊರಗೆಲ್ಲೂ ಸೋರದೆ ಕಮ್ಮಿ ಆದ್ರೆ ಆಯಿಲ್ ಹಾಕೋ ಮುಚ್ಚಳ ಬಿಚ್ಚಿ ನೋಡಿ. ಅಡಿಯಲ್ಲಿ ಹಾಲು ಬೆರೆಸಿದ ಕಾಫಿ ಬಣ್ಣದ ಜಿಡ್ಡು ಇದ್ರೆ ಹೆಡ್ ಗ್ಯಾಸ್ಕೆಟ್ ಹೋಗಿರೋ ಸಾಧ್ಯತೆ ಇದೆ. ಹಳೇ ಕಾರು ಕೊಳ್ಳೋವಾಗ ಈ ಮುಚ್ಚಳ ಬಿಚ್ಚಿ ನೋಡದೆ ಅಡ್ವಾನ್ಸ್ ಕೊಡಬೇಡಿ.

ಟೆಂಪರೇಚರ್ ಕೆಂಪು ದೀಪ ಹತ್ತಿದ್ರೆ ಎಸಿ ಆಫ್ ಮಾಡಿ, ಪಕ್ಕಕ್ಕೆ ಹಾಕಿ, ಎಂಜಿನ್ ನಿಲ್ಲಿಸಿ. ಬಿಸಿ ಇರೋವಾಗ ರೇಡಿಯೇಟರ್ ಮುಚ್ಚಳ ತೆಗೀಬೇಡಿ, ಮುಖ ಬೆಂದು ಹೋಗುತ್ತೆ. ಎಂಜಿನ್ ಮೇಲೆ ತಣ್ಣೀರು ಸುರಿಬೇಡಿ, ಹೆಡ್ ಸೀಳಬಹುದು. ಇನ್ನು ಕೆಲವರು, "ನಮ್ಮ ದೇಶದ ಬಿಸಿಲಿಗೆ ಥರ್ಮೋಸ್ಟಾಟ್ ಯಾಕಪ್ಪಾ" ಅಂತ ಕಿತ್ತು ಬಿಸಾಕ್ತಾರೆ. ಆಗ ಎಂಜಿನ್ ಸರಿಯಾದ ಬಿಸಿಗೆ ಬರಲ್ಲ, ಮೈಲೇಜ್ ಇಳಿಯುತ್ತೆ, ಇಂಗಾಲ ಕಟ್ಟುತ್ತೆ. ಕೆಟ್ಟಿದ್ರೆ ಹೊಸದು ಹಾಕಿಸಿ.

ಗಾಳಿ ಮತ್ತು ಹೊಗೆ

ಹಳೇ ಟ್ರ್ಯಾಕ್ಟರ್‌ನಲ್ಲಿ ಆಯಿಲ್ ಹಾಕೋ ಏರ್ ಕ್ಲೀನರ್ ಇರುತ್ತೆ, ತೊಳೆದು ಮತ್ತೆ ಹಾಕ್ತೀವಿ. ಕಾರಿನದು ಪೇಪರ್. ಪಂಕ್ಚರ್ ಅಂಗಡಿ ಕಂಪ್ರೆಸರ್ ಬಾಯಿ ಹತ್ತಿರ ಹಿಡಿದು ಊದಿದ್ರೆ ಪೇಪರ್ ಸೀಳುತ್ತೆ. ಸೀಳಿದ್ದು ಕಾಣಲ್ಲ, ಧೂಳು ಮಾತ್ರ ಟರ್ಬೋ ರೆಕ್ಕೆಗೆ ಹೋಗುತ್ತೆ. ಮೆಲ್ಲಗೆ ತಟ್ಟಿ ಧೂಳು ಉದುರಿಸಿ. ತೀರಾ ಕಪ್ಪಾಗಿದ್ರೆ ಹೊಸದು ಹಾಕಿ. ಕಲ್ಲುಕ್ವಾರಿ ರಸ್ತೆ, ಮಣ್ಣು ರಸ್ತೆ ಓಡಾಟ ಇದ್ರೆ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಬೇಗ ಬದಲಾಯಿಸಬೇಕು.

ಸೈಲೆನ್ಸರ್ ಹೊಗೆ ನೋಡಿಯೇ ಅರ್ಧ ಕಾಯಿಲೆ ಹೇಳಬಹುದು. ಕಪ್ಪು ಹೊಗೆ ಅಂದ್ರೆ ಗಾಳಿ ಸಾಲ್ತಿಲ್ಲ ಅಥವಾ ಡೀಸೆಲ್ ಜಾಸ್ತಿ ಆಗ್ತಿದೆ: ಏರ್ ಫಿಲ್ಟರ್, ಟರ್ಬೋ ಹೋಸ್ ಸೀಳಿರೋದು, ಇಜಿಆರ್ ವಾಲ್ವ್‌ನಲ್ಲಿ ಮಸಿ, ಇಂಜೆಕ್ಟರ್, ಈ ಕ್ರಮದಲ್ಲೇ ನೋಡಿಸಿ. ಮೊದಲೆರಡು ಕಡಿಮೆ ಖರ್ಚಿನವು. ನೀಲಿ ಹೊಗೆ ಅಂದ್ರೆ ಆಯಿಲ್ ಉರೀತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳೀ ಹೊಗೆ ಬಿಡದೆ ಬರ್ತಿದ್ರೆ, ಅದರ ಜೊತೆ ಕೂಲೆಂಟೂ ಕಮ್ಮಿ ಆಗ್ತಿದ್ರೆ, ನೀರು ಒಳಗೆ ಹೋಗ್ತಿದೆ.

ಭಾರ ಮತ್ತು ಹೊಲದ ದಾರಿ

ಟೊಮೆಟೊ ಬಾಕ್ಸ್ ಒಂದು 15 ಕೆಜಿ. ಹಿಂದಿನ ಸೀಟು ತೆಗೆದು ಹದಿನೈದು ಬಾಕ್ಸ್ ಹಾಕಿದ್ರೆ 225 ಕೆಜಿ. ಡಿಎಪಿ ಮೂಟೆ 50 ಕೆಜಿ, ಡಿಕ್ಕೀಲಿ ನಾಲ್ಕು ಹಾಕಿದ್ರೆ 200 ಕೆಜಿ. ಇಂಥ ಸೆಡಾನ್ ಒಟ್ಟು ಹೊರಬಹುದಾದ ಭಾರ, ಜನ ಮತ್ತು ಸಾಮಾನು ಎಲ್ಲಾ ಸೇರಿ, 400 ಕೆಜಿ ಸುತ್ತಮುತ್ತ. ಲೆಕ್ಕ ಸರಿ ಇದ್ರೂ ಜಾಗ ಸರಿ ಇರಲ್ಲ: ಭಾರ ಪೂರ್ತಿ ಹಿಂದಿನ ಚಕ್ರದ ಹಿಂದೆ ಬಿದ್ರೆ ಮುಂಭಾಗ ಮೇಲೇಳುತ್ತೆ. ಸ್ಟಿಯರಿಂಗ್, ಬ್ರೇಕ್ ಎರಡೂ ಹೆಚ್ಚು ನಡೆಯೋದು ಮುಂದಿನ ಚಕ್ರದಲ್ಲಿ. ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತೆ. ಗೊಬ್ಬರ, ಬಾಕ್ಸ್ ಸಾಗಿಸೋಕೆ ಗೂಡ್ಸ್ ಆಟೋ ಬಾಡಿಗೆ ಕೊಡೋದೇ ಕೊನೆಗೆ ಅಗ್ಗ.

ಮಣ್ಣು ದಾರೀಲಿ ಮೊದಲು ಹೋಗೋದು ಲೋಯರ್ ಆರ್ಮ್ ಬುಷ್, ಲಿಂಕ್ ರಾಡ್. ಗುಂಡಿ ಹತ್ತಿ ಇಳಿದಾಗ ಟಕಟಕ ಅನ್ನುತ್ತೆ. ಅದಕ್ಕಿಂತ ಮುಖ್ಯವಾದದ್ದು ಆಕ್ಸಲ್ ರಬ್ಬರ್ ಬೂಟ್. ಮುಂದಿನ ಚಕ್ರದ ಒಳಗಡೆ ಮಡಿಕೆ ಮಡಿಕೆಯಾಗಿರುತ್ತೆ. ಕಲ್ಲು, ಮುಳ್ಳು ತಾಗಿ ಸೀಳಿದ್ರೆ ಗ್ರೀಸ್ ಹೊರಗೆ ಹೋಗಿ ಮಣ್ಣು ಒಳಗೆ ಬರುತ್ತೆ. ಬೂಟ್‌ನ ಖರ್ಚು ನೂರರ ಲೆಕ್ಕದಲ್ಲಿ, ಆಕ್ಸಲ್‌ನ ಖರ್ಚು ಸಾವಿರದ ಲೆಕ್ಕದಲ್ಲಿ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಮುಂದೆ ಹೋದಾಗ ಕಟಕಟ ಸದ್ದು ಬಂದ್ರೆ ಆಗಲೇ ಜಾಯಿಂಟ್ ಸವೆದಿದೆ.

ಬ್ರೇಕ್ ಆಯಿಲ್ ಗಾಳೀಲಿರೋ ತೇವ ಹೀರುತ್ತೆ, ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಡಬ್ಬಿ ಮುಚ್ಚಳದ ಮೇಲೆ ಬರೆದಿರೋ ಡಾಟ್ 3 ಅಥವಾ ಡಾಟ್ 4 ಅನ್ನೇ ಹಾಕಿ. ಹೈಡ್ರಾಲಿಕ್ ಆಯಿಲ್ ಒಂದು ಹನಿಯೂ ಬೇಡ, ಒಳಗಿನ ರಬ್ಬರ್ ಉಬ್ಬಿ ಬ್ರೇಕೇ ಹಿಡಿಯಲ್ಲ.

ಹಳ್ಳ ದಾಟೋ ವಿಷಯದಲ್ಲೂ ಅಷ್ಟೇ. ಟ್ರ್ಯಾಕ್ಟರ್ ಗಾಳಿ ಎಳೆಯೋದು ಬಾನೆಟ್ ಮೇಲಿನಿಂದ. ಕಾರು ಎಳೆಯೋದು ಮುಂದಿನ ಗ್ರಿಲ್ ಹತ್ತಿರದಿಂದ. ನೀರು ಒಳಗೆ ಹೋಗಿ ಎಂಜಿನ್ ನಿಂತ್ರೆ ಮತ್ತೆ ಸೆಲ್ಫ್ ಹೊಡೀಬೇಡಿ. ನೀರನ್ನ ಪಿಸ್ಟನ್ ಒತ್ತೋಕಾಗಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ತಳ್ಳಿ ಈಚೆ ತಂದು ಮೆಕ್ಯಾನಿಕ್ ಕರೀರಿ.

ನಿಂತ ಕಾರಿನ ಕಾಯಿಲೆ

ನಮ್ಮ ಕಾರುಗಳು ಓಡೋದಕ್ಕಿಂತ ನಿಲ್ಲೋದೇ ಜಾಸ್ತಿ. ಸಂತೆ, ಮದುವೆ, ಆಸ್ಪತ್ರೆ, ಅಷ್ಟೇ. ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದ್ರೆ ಬ್ಯಾಟರಿ ಚಾರ್ಜ್ ಆಗಲ್ಲ, ಇನ್ನೂ ಇಳಿಯುತ್ತೆ. ವಾರಕ್ಕೊಮ್ಮೆ ಅರ್ಧ ಗಂಟೆ ರಸ್ತೇಲಿ ಓಡಿಸಿ. ಮೋಟರ್ ಪ್ಯಾನಲ್‌ಗೆ ಬಳಸೋ ಮಲ್ಟಿಮೀಟರ್ ಇದ್ರೆ ನೀವೇ ನೋಡಬಹುದು: ರಾತ್ರಿ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ಹತ್ತಿರ ಇರಬೇಕು, ಎಂಜಿನ್ ಓಡ್ತಿರೋವಾಗ ಸಾಮಾನ್ಯವಾಗಿ 13.8ರಿಂದ 14.4. ಓಡ್ತಿರೋವಾಗಲೂ 12.5 ಇದ್ರೆ ತೊಂದರೆ ಆಲ್ಟರ್ನೇಟರ್ ಕಡೆ, ಹೊಸ ಬ್ಯಾಟರಿ ತಂದು ದುಡ್ಡು ಕಳೀಬೇಡಿ.

ರಾಗಿ ಮೂಟೆ, ಹಿಂಡಿ ಚೀಲ ಇರೋ ಶೆಡ್ಡಿನಲ್ಲೇ ಕಾರು ನಿಲ್ಲಿಸಿದ್ರೆ ಇಲಿ ಬಾನೆಟ್ ಒಳಗೆ ಸಂಸಾರ ಹೂಡುತ್ತೆ. ವೈರ್ ಕಡಿಯುತ್ತೆ, ಏರ್ ಫಿಲ್ಟರ್ ಡಬ್ಬೀಲಿ ಗೂಡು ಕಟ್ಟುತ್ತೆ. ಕಡಿದ ವೈರಿನಿಂದ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿಯೂ ಹೊತ್ತಬಹುದು. ಕಾಳು ಒಂದು ಕಡೆ, ಕಾರು ಒಂದು ಕಡೆ ಇಡಿ. ನಾಲ್ಕು ದಿನ ನಿಂತ ಕಾರನ್ನ ಬಾನೆಟ್ ಎತ್ತಿ ನೋಡದೆ ಸ್ಟಾರ್ಟ್ ಮಾಡಬೇಡಿ.

ಗೊಬ್ಬರ ಸಾಗಿಸಲೇಬೇಕಾಗಿ ಬಂದ್ರೆ ಕೆಳಗೆ ಟಾರ್ಪಾಲ್ ಹಾಸಿ. ಪೊಟ್ಯಾಷ್ ಅಂದ್ರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಜಾತಿಯದೇ. ಚೆಲ್ಲಿದ್ದು ತೇವ ಹೀರಿ ಡಿಕ್ಕಿ ತಳ ತಿಂದು ಹಾಕುತ್ತೆ. ಔಷಧಿ ಬಾಟಲ್‌ಗಳನ್ನಂತೂ ಮಕ್ಕಳು ಕೂರೋ ಕಾರಿನಲ್ಲಿ ತರಲೇಬೇಡಿ.

ರಸ್ತೆ ಮೇಲಿನ ಹುರುಳಿ: ಜೀವದ ವಿಷಯ

ಇದನ್ನ ಓದಿ ಮನೇಲಿ ಎಲ್ಲರಿಗೂ ಹೇಳಿ. ಸುಗ್ಗಿ ಕಾಲದಲ್ಲಿ ಹುರುಳಿ, ರಾಗಿ ತೆನೆ ರಸ್ತೆ ಮೇಲೆ ಹರಡೋದು ನಮ್ಮ ಕಡೆ ಮಾಮೂಲಿ. ಹುರುಳಿ ಬಳ್ಳಿ ಕಾರಿನ ಅಡಿ ಸಿಕ್ಕಿ ಆಕ್ಸಲ್‌ಗೆ ಸುತ್ತಿಕೊಳ್ಳುತ್ತೆ, ಸೈಲೆನ್ಸರ್ ಪೈಪಿಗೆ ಅಂಟಿಕೊಳ್ಳುತ್ತೆ. ಆ ಪೈಪು ನೂರಾರು ಡಿಗ್ರಿ ಕಾದಿರುತ್ತೆ. ಒಣ ಹುಲ್ಲು ಹೊತ್ತಿಕೊಂಡು ನೋಡ್ತಾ ನೋಡ್ತಾ ಕಾರೇ ಸುಟ್ಟು ಹೋದ ಘಟನೆಗಳು ನಮ್ಮ ರಾಜ್ಯದಲ್ಲಿ ಆಗಿವೆ. ಟ್ರ್ಯಾಕ್ಟರ್ ಎತ್ತರ ಇದೆ, ಸೈಲೆನ್ಸರ್ ಹೆಚ್ಚಾಗಿ ಮೇಲಕ್ಕಿರುತ್ತೆ, ಅದಕ್ಕೇನೂ ಆಗಲ್ಲ. ಸೆಡಾನ್‌ಗೆ ನೆಲದಿಂದ ಅಂತರ 170 ಮಿ.ಮೀ. ಆಸುಪಾಸು, ಅಂದ್ರೆ ಒಂದು ಗೇಣಿಗಿಂತ ಕಮ್ಮಿ.

ಹುಲ್ಲು ಹರಡಿದ್ರೆ ಪಕ್ಕದಲ್ಲಿ ಹೋಗಿ, ಇಲ್ಲಾ ಸರಿಸಿ ಹೋಗಿ. ದಾಟಲೇಬೇಕಾಗಿ ಬಂದ್ರೆ ಆಚೆ ಹೋದ ಕೂಡಲೇ ನಿಲ್ಲಿಸಿ, ಬಗ್ಗಿ ಅಡಿ ನೋಡಿ. ಹುಲ್ಲು ಸಿಕ್ಕಿದ್ರೆ ಎಂಜಿನ್ ಆಫ್ ಮಾಡಿ ಕೋಲಿನಿಂದ ಎಳೆದು ಹಾಕಿ. ಸುಟ್ಟ ವಾಸನೆ, ಹೊಗೆ ಕಂಡ್ರೆ ಮೊದಲು ಜನ ಇಳೀಲಿ. ಹಿಂದಿನ ಸೀಟಿನ ಮಕ್ಕಳನ್ನ, ವಯಸ್ಸಾದವರನ್ನ ಮೊದಲು ಇಳಿಸಿ. ಚೈಲ್ಡ್ ಲಾಕ್ ಹಾಕಿದ್ರೆ ಹಿಂದಿನ ಬಾಗಿಲು ಒಳಗಿನಿಂದ ತೆಗೆಯಲ್ಲ ಅನ್ನೋದು ನೆನಪಿರಲಿ. ಬಾನೆಟ್ ಒಳಗೆ ಬೆಂಕಿ ಇದ್ರೆ ಬಾನೆಟ್ ಎತ್ತಬೇಡಿ, ಗಾಳಿ ಸಿಕ್ಕಿ ಭಗ್ ಅಂತ ಏಳುತ್ತೆ. ದೂರ ನಿಂತು 112ಕ್ಕೆ ಫೋನ್ ಮಾಡಿ. ಮುಂದಿನ ಸೀಟಿನ ಹತ್ತಿರ ಒಂದು ಕೆಜಿಯ ಎಬಿಸಿ ಪೌಡರ್ ಸಿಲಿಂಡರ್ ಇಟ್ಕೊಳ್ಳಿ. ರಸ್ತೆ ಮೇಲೆ ಹರಡೋರೂ ನಾವೇ, ಅದರ ಮೇಲೆ ಓಡಿಸೋರೂ ನಾವೇ. ಒಕ್ಕಣೆ ಕಣದಲ್ಲೇ ಮಾಡಿ.

ಮೊಬೈಲ್ ಇದೆಯಲ್ಲ, ಬಳಸಿ

ಕೊಳ್ಳೋ ಮುಂಚೆ ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ: ನೋಂದಣಿ ದಿನಾಂಕ, ಇನ್ಶೂರೆನ್ಸ್, ಫಿಟ್‌ನೆಸ್ ಅವಧಿ ಸಿಗುತ್ತೆ. ಆರ್‌ಸಿಯಲ್ಲಿ ಬ್ಯಾಂಕ್ ಸಾಲದ ಹೆಸರು ಉಳಿದಿದೆಯಾ ನೋಡಿ. ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 13 ವರ್ಷದ ಕಾರು ಕೊಳ್ಳೋವಾಗ ಈ ಖರ್ಚೂ ಲೆಕ್ಕಕ್ಕೆ ಇರಲಿ.

ಬ್ಲೂಟೂತ್ ಒಬಿಡಿ ಸ್ಕ್ಯಾನರ್ ಅಂತ ಬೆಂಕಿಪೊಟ್ಟಣದಷ್ಟು ಸಣ್ಣ ಸಾಧನ ಆನ್‌ಲೈನ್‌ನಲ್ಲಿ ಸಿಗುತ್ತೆ. ಸ್ಟಿಯರಿಂಗ್ ಕೆಳಗಿನ ಸಾಕೆಟ್‌ಗೆ ಚುಚ್ಚಿ ಮೊಬೈಲ್‌ಗೆ ಜೋಡಿಸಿದ್ರೆ ಚೆಕ್ ಎಂಜಿನ್ ದೀಪ ಯಾಕೆ ಹತ್ತಿದೆ ಅಂತ ಕೋಡ್ ತೋರಿಸುತ್ತೆ. ಪಿ0087 ಅಂದ್ರೆ ರೈಲ್‌ನಲ್ಲಿ ಡೀಸೆಲ್ ಒತ್ತಡ ಕಮ್ಮಿ, ಪಿ0299 ಅಂದ್ರೆ ಟರ್ಬೋ ಒತ್ತಡ ಕಮ್ಮಿ, ಪಿ0401 ಅಂದ್ರೆ ಇಜಿಆರ್ ಹರಿವು ಸಾಲದು. ಕೋಡ್ ತೋರಿಸೋದು ತೊಂದರೆಯ ಜಾಗ ಮಾತ್ರ. ಪಿ0087 ಬಂದ ಕೂಡಲೇ ಪಂಪ್ ಬದಲಾಯಿಸೋದಲ್ಲ, ಮೊದಲು ಫಿಲ್ಟರ್ ನೋಡಬೇಕು.

ಟೈರ್ ಪಕ್ಕದಲ್ಲಿರೋ ನಾಲ್ಕು ಅಂಕಿ ಫೋಟೋ ತೆಗೆದು ಹಿಗ್ಗಿಸಿ ನೋಡಿ. 2319 ಅಂದ್ರೆ 2019ರ 23ನೇ ವಾರ ತಯಾರಾದದ್ದು. ಗುಂಡಿ ಆಳ ಚೆನ್ನಾಗಿದ್ರೂ ಪಕ್ಕದಲ್ಲಿ ಬಿರುಕು ಬಿಟ್ಟ ಹಳೇ ಟೈರ್ ಹೈವೇಲಿ ಸಿಡಿಯಬಹುದು.

ಫೋನಿನಲ್ಲಿ ರಿಮೈಂಡರ್ ಹಾಕಿಟ್ಟುಕೊಳ್ಳಿ

ವಾರಕ್ಕೊಮ್ಮೆ: ಎಂಜಿನ್ ಆಯಿಲ್ ಮಟ್ಟ, ಕೂಲೆಂಟ್ ಮಟ್ಟ, ಬಾನೆಟ್ ಒಳಗೆ ಇಲಿ ಗುರುತು, ಅರ್ಧ ಗಂಟೆ ಓಡಾಟ.

ತಿಂಗಳಿಗೊಮ್ಮೆ: ಟೈರ್ ಗಾಳಿ (ಸ್ಟೆಪ್ನಿ ಸೇರಿ), ಏರ್ ಫಿಲ್ಟರ್, ಆಕ್ಸಲ್ ಬೂಟ್, ಬ್ರೇಕ್ ಆಯಿಲ್ ಮಟ್ಟ, ಮಳೆಗಾಲದಲ್ಲಿ ಡೀಸೆಲ್ ಫಿಲ್ಟರ್ ನೀರು.

ವರ್ಷಕ್ಕೊಮ್ಮೆ ಅಥವಾ 10,000 ಕಿ.ಮೀ.ಗೆ: ಆಯಿಲ್, ಆಯಿಲ್ ಫಿಲ್ಟರ್, ಬ್ರೇಕ್ ಬಿಚ್ಚಿ ಕ್ಲೀನಿಂಗ್, ಬುಷ್‌ಗಳ ತಪಾಸಣೆ, ಬ್ಯಾಟರಿ ವೋಲ್ಟೇಜ್.

ಎರಡು ವರ್ಷಕ್ಕೊಮ್ಮೆ: ಬ್ರೇಕ್ ಆಯಿಲ್. ಕೂಲೆಂಟ್, ಡೀಸೆಲ್ ಫಿಲ್ಟರ್, ಡ್ರೈವ್ ಬೆಲ್ಟ್ ಪುಸ್ತಕದ ಪ್ರಕಾರ.

ಪ್ರತಿ ಕೆಲಸಕ್ಕೂ ಬಿಲ್ ತಗೊಂಡು ಫೋಟೋ ತೆಗೆದು, ಕಿಲೋಮೀಟರ್ ಬರೆದು ಒಂದೇ ಫೋಲ್ಡರ್‌ನಲ್ಲಿ ಇಡಿ. ನಾಳೆ ಮಾರೋವಾಗ ಆ ಫೋಲ್ಡರ್ ತೋರಿಸಿದ್ರೆ ನಾಲ್ಕು ಕಾಸು ಜಾಸ್ತಿ ಸಿಗುತ್ತೆ. ಅದಕ್ಕಿಂತ ಹೆಚ್ಚಾಗಿ, ಮಧ್ಯರಾತ್ರಿ ಅವ್ವನಿಗೆ ಎದೆನೋವು ಅಂದಾಗ ಕೀ ತಿರುಗಿಸಿದ ಕೂಡಲೇ ಗಾಡಿ ಸ್ಟಾರ್ಟ್ ಆಗುತ್ತೆ.